ಕೂಗದೆ ಹೋದ ಹಡಗು

ಮೇ ೧೨, ಸೋಮವಾರ

ಬರೆಯಬೇಕಂತೆ. ಎಪ್ಪತ್ತನಾಲ್ಕನೇ ವಯಸ್ಸಿಗೆ ಬರೆಯಬೇಕಂತೆ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ಮೇಕೆ ಹಿಂದೆ ಕಳಿಸಿದ ಕೈಗೆ ಈಗ ಪಾದ್ರಿ ಫೋತಿಸ್ ಪೆನ್ನು ಕೊಟ್ಟಿದ್ದಾರೆ.

"ಸ್ತಮಾತಾ ಅಮ್ಮ, ದಿನಾ ಬೆಳಗ್ಗೆ ಬಂದು ಬಾಗಿಲು ಬಡೀಬೇಡಿ. ಹೆಂಡತಿ ಬಾಣಂತಿ, ಕೂಸು ಎದ್ದುಬಿಡುತ್ತೆ. ಮನಸ್ಸಲ್ಲಿ ಇರೋದನ್ನ ಬರೀರಿ. ನಾನೂ ಓದಲ್ಲ, ಯಾರೂ ಓದಲ್ಲ" ಎಂದರು.

ಯಾರೂ ಓದದಿದ್ದರೆ ಯಾಕೆ ಬರೆಯಬೇಕು ಸ್ವಾಮಿ ಎಂದು ಕೇಳಿದೆ. ಬಾಗಿಲು ಹಾಕಿಕೊಂಡರು. ಮೂವತ್ತು ವರ್ಷದ ಹುಡುಗ, ಗಡ್ಡ ಮಾತ್ರ ಮುದುಕನದು.

ಸರಿ, ಬರೆಯುತ್ತೇನೆ. ಶನಿವಾರ ನನ್ನ ಗಂಡ ಥ್ರಾಸೋಸ್‌ನನ್ನು ಮಣ್ಣಿನಿಂದ ತೆಗೆದೆವು. ಅವನನ್ನು ಹೂಳಿ ಮೂರು ವರ್ಷ ಆಗಿತ್ತು; ನಮ್ಮೂರಲ್ಲಿ ಅಷ್ಟು ಹೊತ್ತಿಗೆ ಮೂಳೆ ತೆಗೆದು ಪೆಟ್ಟಿಗೆಗೆ ಹಾಕಿ, ಗುಂಡಿಯನ್ನು ಮುಂದಿನವರಿಗೆ ಬಿಡಬೇಕು. ಎಲ್ಲರಂತೆ ನಾನೂ ಹೊಸ ಬಿಳಿ ಬಟ್ಟೆ, ಮೂಳೆ ತೊಳೆಯಲು ಕೆಂಪು ವೈನ್, ಹೆಸರು ಬರೆಸಿದ ತಗಡಿನ ಪೆಟ್ಟಿಗೆ ಎಲ್ಲ ತೆಗೆದುಕೊಂಡು ಹೋಗಿದ್ದೆ. ಗುಂಡಿ ತೋಡುವವನು ಹಲಗೆ ಎತ್ತಿ ನೋಡಿದ, ಟೋಪಿ ತೆಗೆದ, ಹಿಂದೆ ಸರಿದ.

ಕರಗಿರಲಿಲ್ಲ. ಮೀಸೆ ಮೀಸೆಯಾಗಿಯೇ ಇತ್ತು. ಉಂಗುರ ಬೆರಳಿನಲ್ಲಿ ಬಿಗಿಯಾಗಿ ಕೂತಿತ್ತು. ಮತ್ತೆ ಮಣ್ಣು ಮುಚ್ಚಿದರು. ವೈನನ್ನು ವಾಪಸ್ ಮನೆಗೆ ತಂದೆ.

ಇದರ ಅರ್ಥ ಊರಿನ ನಾಯಿಗೂ ಗೊತ್ತು. ಯಾರೋ ಒಬ್ಬರು ಅವನನ್ನು ಕ್ಷಮಿಸಿಲ್ಲ. ಕ್ಷಮೆ ಸಿಗದವನನ್ನು ಮಣ್ಣು ಮುಟ್ಟುವುದಿಲ್ಲ. ಪಾದ್ರಿ ಬೇರೆಯೇ ರಾಗ ಹಾಡುತ್ತಾರೆ. "ಜೇಡಿಮಣ್ಣು ಅಮ್ಮ, ನೀರು ನಿಲ್ಲುತ್ತೆ. ಆಸ್ಪತ್ರೆ ಔಷಧಿ ಬೇರೆ ಮೈಯಲ್ಲಿ. ಮೇಲೆ ನೀವು ಹಾಕಿಸಿದ್ದು ನೈಲಾನ್ ಸೂಟು." ಅದೇ ಜೇಡಿಮಣ್ಣಿನಲ್ಲಿ ಅವನ ಅಪ್ಪ ಸಕ್ಕರೆಯಂತೆ ಕರಗಿದ್ದ.

ಯಾರು ಎಂದು ಹುಡುಕಬೇಕು. ಹುಡುಕಿ ಬಾಯಿಬಿಡಿಸಬೇಕು. ಮೊದಲೇ ಬರೆದುಬಿಡುತ್ತೇನೆ: ನಾನಲ್ಲ. ಅವನ ಮೇಲೆ ನನಗೇನೂ ಇಲ್ಲ.

ಮೇ ೧೪

ಕಾಫಿ ಅಂಗಡಿಯ ಸರಾಂದಿಸ್ ಹತ್ತಿರ ಹೋದೆ. ಮೆಲ್ಬರ್ನ್‌ನಲ್ಲಿ ಇಪ್ಪತ್ತು ವರ್ಷ ಪಾತ್ರೆ ತೊಳೆದು ಬಂದವನು; ಊರಲ್ಲಿ ಇಂಗ್ಲಿಷ್ ಬರುವವನು ಅವನೊಬ್ಬನೇ, ಅದನ್ನು ಮರೆಯಲು ಯಾರಿಗೂ ಬಿಡುವುದಿಲ್ಲ. ಹಿಂದೊಮ್ಮೆ ನನ್ನ ಗಂಡ ಅವನ ಮೇಕೆಯ ಕಿವಿಗುರುತು ಕತ್ತರಿಸಿ ನಮ್ಮ ಗುರುತು ಮಾಡಿಕೊಂಡಿದ್ದ.

"ಆ ಮೇಕೆ ವಿಷಯ ಇನ್ನೂ ಹೊಟ್ಟೇಲಿ ಇಟ್ಕೊಂಡಿದೀಯೇನೋ?" ಎಂದೆ.

"ಹೊಟ್ಟೇಲೇ ಇಟ್ಕೊಂಡಿದೀನಕ್ಕಾ. ಮಾರನೇ ವಾರ ನಾನೇ ವಾಪಸ್ ಕದ್ದು ಈಸ್ಟರ್‌ಗೆ ಸುಟ್ಟು ತಿಂದೆ. ಥ್ರಾಸೋಸಣ್ಣನೂ ಬಂದಿದ್ದ, ತೊಡೆ ತಿಂದ. ತನ್ನ ಮೇಕೆ ಅಂತ ಗೊತ್ತಾಗಲಿಲ್ಲ."

ಕಾಫಿ ಅಂಗಡಿ ಪೂರ್ತಿ ನಕ್ಕಿತು. ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಸ್ವಲ್ಪ ದಿನ ತಡಿ ಅಕ್ಕಾ, ದೊಡ್ಡ ಪ್ರವಾಸಿ ಹಡಗು ನಮ್ಮೂರಿಗೂ ಬರುತ್ತಂತೆ. ಇಲ್ಲಿ ನೋಡೋಕೆ ಏನಿದೆ ಮಣ್ಣು? ನಿನ್ನ ಗಂಡನ್ನೇ ತೋರಿಸೋಣ. ಸಾಲು ನಿಂತ್ಕೋತಾರೆ."

ನೀರಿನ ಲೋಟ ಅವನ ಎದೆಯ ಮೇಲೆ ಚೆಲ್ಲಿ ಎದ್ದು ಬಂದೆ. ಆದರೂ ಅವನಲ್ಲ. ಕ್ಷಮಿಸದವನು ಹಾಗೆ ನಗುವುದಿಲ್ಲ.

ಕ್ಷೌರದವನನ್ನು ಕೇಳಿದೆ. ದೋಣಿ ರಿಪೇರಿಯವನನ್ನು ಕೇಳಿದೆ. ಒಬ್ಬೊಬ್ಬರಿಗೂ ಅವನ ಮೇಲೆ ಏನೋ ಇತ್ತು. ಎಲ್ಲರೂ ಶಿಲುಬೆ ಗುರುತು ಮಾಡಿಕೊಂಡು "ದೇವರು ಅವನನ್ನ ಕ್ಷಮಿಸಲಿ" ಎಂದೇಬಿಟ್ಟರು. ಸುಳ್ಳು ಅನ್ನಿಸಲಿಲ್ಲ. ಹಾಗಾದರೆ ಯಾರು?

ಮೇ ೧೯

ಮರೂಸೋ ಇವತ್ತು ಮತ್ತೆ ಶುರು ಮಾಡಿದಳು. ಮರೂಸೋ ನನ್ನ ಗಂಡನ ಅಕ್ಕ. ಎಂಬತ್ತೆಂಟು ವರ್ಷ, ಎದುರು ಮನೆ. ನಮ್ಮ ಕುಟುಂಬಕ್ಕೆ ಸ್ಮಶಾನದಲ್ಲಿ ಇರುವುದು ಒಂದೇ ಗುಂಡಿ. ಒಬ್ಬರು ಎದ್ದ ಮೇಲೆ ಇನ್ನೊಬ್ಬರು.

"ಏನೇ, ಸಿಕ್ಕಿದರೇನೇ?"

"ಇಲ್ಲ ಅತ್ತಿಗೆ."

"ನನ್ನ ಜಾಗದಲ್ಲಿ ಮಲಗಿದಾನೆ ನಿನ್ನ ಗಂಡ. ನಾನು ಎಲ್ಲಿಗೆ ಹೋಗಲಿ? ಸಾಯೋಕೂ ಆಗದ ಹಾಗೆ ಮಾಡಿದಿರಿ ಗಂಡ ಹೆಂಡತಿ ಸೇರ್ಕೊಂಡು."

"ಬದುಕಿರು, ಯಾರು ಬೇಡ ಅಂದರು?"

"ಮಂಡಿ ನೋವು ನಿನಗೆ ಬಂದಿದ್ದರೆ ಹೀಗೆ ಮಾತಾಡ್ತಿರಲಿಲ್ಲ."

ಆಮೇಲೆ ಕಣ್ಣು ಕಿರಿದು ಮಾಡಿ, "ನೀನೇ ಏನಾದರೂ…?" ಎಂದಳು. ನಾನು ಬಾಗಿಲು ಬಡಿದು ಬಂದೆ.

ಮೇ ೨೩

ಗಾಳಿ. ಏನೂ ಇಲ್ಲ.

ಮೇ ೨೯

ಹಡಗು ಜೂನ್ ಏಳಕ್ಕೆ ಬರುವುದು ಖಚಿತವಂತೆ. ಏಳು ಎಂದರೆ ಸತ್ತವರ ಶನಿವಾರ. ಊರೆಲ್ಲ ತಟ್ಟೆ ಹಿಡಿದು ಸ್ಮಶಾನಕ್ಕೆ ಹೋಗುವ ದಿನ. ಯಾರಿಗೂ ಅದರ ಚಿಂತೆ ಇಲ್ಲ. ಗೋಡೆಗೆ ಸುಣ್ಣ ಬಳಿಯುತ್ತಿದ್ದಾರೆ. ಸರಾಂದಿಸ್ ಹೊಸ ಕುರ್ಚಿ ತರಿಸಿದ್ದಾನೆ. "ಹಡಗು ಹೊರಡುವಾಗ ಮೂರು ಸಲ ಕೂಗುತ್ತೆ ಅಕ್ಕಾ, ಹಳೇ ಕಾಲದ ಹಾಗೆ!" ಎಂದು ರಸ್ತೆಯಿಂದಲೇ ಕಿರುಚಿದ.

ನನಗೆ ಹಡಗಿನ ಕೂಗು ಕೇಳಿದರೆ ತಲೆ ಸಿಡಿಯುತ್ತದೆ. ಮೊದಲಿನಿಂದಲೂ ಅಲ್ಲ. ಥ್ರಾಸೋಸ್ ಸರಕು ಹಡಗಿನಲ್ಲಿದ್ದಾಗ, ಹಡಗು ನಮ್ಮ ಕೊಲ್ಲಿಯ ಮುಂದೆ ಹಾದುಹೋದರೆ ಕಪ್ತಾನನಿಗೆ ಹೇಳಿ ಮೂರು ಸಲ ಕೂಗಿಸುತ್ತಿದ್ದ. ನಾನು ಮಹಡಿಗೆ ಓಡಿ ಚಾದರ ಬೀಸುತ್ತಿದ್ದೆ. ನಾವಿಕರ ಹೆಂಡತಿಯರೆಲ್ಲ ಅದನ್ನೇ ಮಾಡುತ್ತಿದ್ದರು. ಹಡಗು ನಿಲ್ಲುವುದಿಲ್ಲ, ಕೂಗಿ ಹೋಗುತ್ತದೆ. ವರ್ಷದಲ್ಲಿ ಅಷ್ಟೇ ಸಂಸಾರ.

ಒಂದು ಸಲ ಕೂಗಲಿಲ್ಲ. ಅದು ಬೇರೆ ವಿಷಯ.

ಜೂನ್ ೬

ಗೋಧಿ ಬೇಯಿಸಿ ಬಟ್ಟೆಯ ಮೇಲೆ ಹರಡಿದ್ದೇನೆ. ಬೆಳಗ್ಗೆ ಬಾದಾಮಿ, ಒಣದ್ರಾಕ್ಷಿ, ದಾಳಿಂಬೆ ಕಾಳು ಸೇರಿಸಿ, ಮೇಲೆ ಸಕ್ಕರೆ ಹರಡಿ ಶಿಲುಬೆ ಬರೆದರೆ ಕೋಲಿವ ಆಯಿತು. ಸತ್ತವನ ಹೆಸರಿನಲ್ಲಿ ಹಿಡಿ ಹಿಡಿ ಹಂಚಬೇಕು. ತಿಂದವರು "ದೇವರು ಅವನನ್ನ ಕ್ಷಮಿಸಲಿ" ಎನ್ನಬೇಕು. ತಿಂದು ಸುಮ್ಮನೆ ಹೋಗುವಂತಿಲ್ಲ.

ಅವನು ಹೋದ ಮೇಲೆ ಎಷ್ಟು ಸಲ ಮಾಡಿದ್ದೇನೋ. ನಾನು ತಿನ್ನುವುದಿಲ್ಲ. ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಜೂನ್ ೭, ಶನಿವಾರ

ತಲೆ ಗೊಜ್ಜಾಗಿದೆ. ಮೊದಲಿನಿಂದ ಬರೆಯುತ್ತೇನೆ, ಆಗಲಾದರೂ ತಿಳಿಯುತ್ತದೋ ನೋಡೋಣ.

ಬೆಳಗ್ಗೆ ಕಿಟಕಿ ತೆರೆದರೆ ಕೊಲ್ಲಿಯಲ್ಲಿ ಒಂದು ಬಿಳಿ ಆಸ್ಪತ್ರೆ ನಿಂತಂತಿತ್ತು. ಅಷ್ಟು ದೊಡ್ಡ ಹಡಗು ನಮ್ಮ ಕಟ್ಟೆಗೆ ಬರಲಾರದು. ಸಣ್ಣ ದೋಣಿಗಳಲ್ಲಿ ಜನರನ್ನು ತಂದು ತಂದು ಸುರಿದರು. ಅರ್ಧ ಚಡ್ಡಿ, ಅರ್ಧ ಬರಿಬೆನ್ನು. ನಾವು ಕಪ್ಪು ಉಡುಪಿನಲ್ಲಿ ತಟ್ಟೆ ಹಿಡಿದು ಗುಡ್ಡ ಹತ್ತುತ್ತಿದ್ದರೆ ಅವರು ನಮ್ಮನ್ನು ಮೆರವಣಿಗೆ ಎಂದುಕೊಂಡು ಹಿಂದೆಯೇ ಬಂದರು.

ಸ್ಮಶಾನದಲ್ಲಿ ಪಾದ್ರಿ ಒಂದೊಂದೇ ಹೆಸರು ಓದುತ್ತಿದ್ದರು. ಮರೂಸೋ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ನನ್ನ ತಟ್ಟೆಯಿಂದ ಬಂದ ಬಂದ ಪರದೇಶಿಗಳ ಕೈಗೆಲ್ಲ ಕೋಲಿವ ತುಂಬುತ್ತಿದ್ದಳು.

"ಅವರಿಗೆ ಯಾಕೆ ಕೊಡ್ತೀಯ ಅತ್ತಿಗೆ? ಹೇಳಬೇಕಾದ ಮಾತು ಅವರಿಗೆ ಬರುತ್ತಾ?"

"ಬಾಯಿಗೆ ಬೀಳಲಿ. ಎಷ್ಟು ಬಾಯಿಯೋ ಅಷ್ಟು ಕ್ಷಮೆ. ಈ ಊರೋರ ಕ್ಷಮೆ ನಂಬ್ಕೊಂಡು ನಾನು ನೂರು ವರ್ಷ ಬದುಕಲಾ?"

ಚಡ್ಡಿಯವನೊಬ್ಬ ತಿಂದು, ಥ್ಯಾಂಕ್ಯೂ ಎಂದು, ಇನ್ನೊಂದು ಹಿಡಿ ಕೇಳಿದ. ಕೊಟ್ಟಳು.

ಆಗ ಅವಳನ್ನು ನೋಡಿದೆ. ಇಷ್ಟು ಕಲ್ಲುಗಳಿದ್ದರೂ ನಮ್ಮ ಥ್ರಾಸೋಸ್‌ನ ಕಲ್ಲಿನ ಅಂಚಿಗೇ ಕೂತಿದ್ದಳು. ನನ್ನ ವಯಸ್ಸಿನವಳು. ಗಂಡಸರ ಬೂಟು, ಗದ್ದಕ್ಕೆ ದಾರ ಕಟ್ಟಿದ ಟೋಪಿ. ಒಂದು ಕೈಯಲ್ಲಿ ಕೋಲಿವ. ಇನ್ನೊಂದು ಕೈ ಕಲ್ಲಿನ ಮೇಲೆ, ಜ್ವರ ಇದೆಯೇ ಎಂದು ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ. ಅಳುತ್ತಿದ್ದಳು. ಸದ್ದಿಲ್ಲ.

ಮರೂಸೋ ಕೋಲು ನೆಲಕ್ಕೆ ಕುಟ್ಟಿದಳು. "ನೋಡೇ. ಇವಳೇ."

"ಯಾರು ಇವಳು?"

"ಕ್ಷಮಿಸದೋಳು! ಆಯಸ್ಸೆಲ್ಲ ಹಡಗಲ್ಲಿ ಸುತ್ತಿದೋನು. ಯಾವ ಬಂದರಲ್ಲಿ ಏನು ಮಾಡಿಟ್ಟಿದ್ದನೋ."

"ಅವನಿಗೆ ಹಡಗಲ್ಲಿ ವಾಂತಿ ಮಾಡೋದಕ್ಕೇ ಹೊತ್ತು ಸಾಲ್ತಿರಲಿಲ್ಲ."

"ನಿನಗೇನು ಗೊತ್ತು? ನೀನು ಮಹಡಿ ಮೇಲೆ ಚಾದರ ಬೀಸ್ತಾ ಇದ್ದೆ."

ಸರಾಂದಿಸ್‌ಗೆ ಹೇಳಿ ಕಳಿಸಿದೆವು. ಬೈದುಕೊಂಡು ಬಂದ. "ಅಂಗಡಿ ತುಂಬ ಜನ ಕಾಫಿಗೆ ಬಾಯಿಬಿಟ್ಕೊಂಡು ಕೂತಿದಾರೆ, ನಿಮಗೆ ಈಗಲೇ ಸಿಕ್ಕಿದ್ದೆನಾ ನಾನು?"

"ಯಾವೂರು ಅಂತ ಕೇಳೋ."

ಕೇಳಿದ. "ಹೆಸರು ಗ್ಲೆನಿಸ್ ಅಂತೆ. ಊರು ಕಾರ್ಡಿಫ್ ಹತ್ತಿರ."

ಮರೂಸೋ ಹಣೆ ಬಡಿದುಕೊಂಡಳು. "ಕಾರ್ಡಿಫ್! ಕಲ್ಲಿದ್ದಲು ತುಂಬೋಕೆ ಎಷ್ಟು ಸಲ ಹೋಗಿದ್ದ ಅಲ್ಲಿಗೆ! ನಾನು ಹೇಳಲಿಲ್ವಾ?"

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅಬ್ಬ, ಸಿಕ್ಕಳಲ್ಲ ಎಂದೇ ಅನ್ನಿಸಿತು. ಹೊತ್ತು ತಿರುಗಿದ್ದ ಮೂಟೆಯನ್ನು ಅದರ ಯಜಮಾನಿಗೆ ಒಪ್ಪಿಸಿದ ಹಾಗೆ. ಗಂಡ ಪರವೂರಿನಲ್ಲಿ ಹೆಂಗಸನ್ನು ಇಟ್ಟುಕೊಂಡಿದ್ದ ಎಂದು ತಿಳಿದರೆ ಹೀಗಾಗುತ್ತದೆಯೇ ಯಾರಿಗಾದರೂ?

"ಕೇಳು. ಅವನನ್ನ ಕ್ಷಮಿಸಿದೀಯಾ ಅಂತ ಕೇಳು" ಎಂದೆ.

ಸರಾಂದಿಸ್ ಕೇಳಿದ. ಅವಳು ನಮ್ಮಿಬ್ಬರನ್ನೂ ನೋಡಿದಳು. ಕಲ್ಲಿನ ಮೇಲಿದ್ದ ಕೈ ತೆಗೆದಳು. ಗಿಡ್ಡದಾಗಿ ಏನೋ ಅಂದಳು.

"ಇಲ್ಲ ಅಂತೆ."

"ಇಲ್ಲವಾ?"

"ಯಾವತ್ತೂ ಇಲ್ಲ ಅಂತೆ."

ಮರೂಸೋ ಅವಳ ಮಣಿಕಟ್ಟು ಹಿಡಿದೇಬಿಟ್ಟಳು. "ಹೇಳೋವರೆಗೂ ಬಿಡಲ್ಲ. ಹಡಗು ಹೋದರೆ ಹೋಗಲಿ, ನಮ್ಮನೇಲಿ ಮಂಚ ಇದೆ."

ನನ್ನ ಮನೆಗೆ ಕರೆತಂದೆವು. ಬಂದವಳಿಗೆ ಏನೂ ಕೊಡದೆ ಜಗಳ ಆಡುವುದು ಹೇಗೆ? ಪುಟ್ಟ ಬದನೆಕಾಯಿಯ ಸಿಹಿಯನ್ನು ಚಮಚದಲ್ಲಿ ಕೊಟ್ಟೆ, ತಣ್ಣೀರು ಕೊಟ್ಟೆ, ಕಾಫಿ ಇಟ್ಟೆ. ಚಮಚ ನೆಕ್ಕಿ ತಿಂದಳು. ಹಸಿದಿದ್ದಳು ಎಂದು ಕಾಣುತ್ತದೆ. ಅಷ್ಟು ದೊಡ್ಡ ಹಡಗಿನಲ್ಲಿ ಊಟ ಹಾಕುವುದಿಲ್ಲವೇ?

"ಸರಾಂದಿಸ್, ಸರಿಯಾಗಿ ಕೇಳು. ನಮ್ಮ ಥ್ರಾಸೋಸ್ ಇವಳಿಗೆ ಏನು ಮಾಡಿದ?"

ಅವನು ಕೇಳಿದ. ಅವಳು ಹೇಳಿದಳು. ಅವನು ತಲೆ ಕೆರೆದುಕೊಂಡು ಮತ್ತೆ ಕೇಳಿದ. ಅವಳು ಜೋರಾಗಿ ಹೇಳಿದಳು. ಅವನು ಕುರ್ಚಿಯ ಮೇಲೆ ಕುಕ್ಕರಿಸಿದ.

"ಅಕ್ಕಾ, ನಿಮಗೆ ತನ್ನ ಗಂಡನ ವಿಷಯ ಹೇಗೆ ಗೊತ್ತಾಯ್ತು ಅಂತ ಇವಳು ಕೇಳ್ತಿದಾಳೆ."

"ಯಾರ ಗಂಡ?"

"ಇವಳ ಗಂಡ. ಥ್ರಾಸೋಸ್ ಯಾರು ಅಂತಲೇ ಇವಳಿಗೆ ಗೊತ್ತಿಲ್ಲ."

ಮರೂಸೋ ಇನ್ನೂ ಅವಳ ಕೈ ಬಿಟ್ಟಿರಲಿಲ್ಲ.

ಸರಾಂದಿಸ್ ಬಿಡಿಸಿ ಹೇಳಿದ. ಇವಳ ಗಂಡ ಸತ್ತ, ಸುಟ್ಟರಂತೆ. ಸುಟ್ಟು ಬೂದಿಯನ್ನು ಸಮುದ್ರಕ್ಕೆ ಹಾಕಿದರಂತೆ. ಮರೂಸೋ ಶಿಲುಬೆ ಗುರುತು ಮಾಡಿಕೊಳ್ಳಲು ಕೈ ಬಿಡಲೇಬೇಕಾಯಿತು. ಮನುಷ್ಯನನ್ನು ಸುಡುವುದು! ಕರಗಿದನೋ ಇಲ್ಲವೋ ಎಂದು ಆಮೇಲೆ ನೋಡುವುದು ಹೇಗೆ?

"ಎಲ್ಲ ನೀರೂ ಒಂದೇ ಅಂತ ಹಡಗು ಹತ್ತಿಕೊಂಡು ಬಂದಳಂತೆ" ಎಂದ ಸರಾಂದಿಸ್. "ಆದರೆ ನೀರಿನ ಮೇಲೆ ಕೈ ಇಡೋಕೆ ಆಗಲ್ಲ ಅಂತಾಳೆ. ಇಲ್ಲಿ ಎಲ್ಲರೂ ಅವರವರ ಕಲ್ಲಿನ ಹತ್ತಿರ ಇದ್ದರು. ಒಂದು ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಕೂತಳು."

ಯಾರೂ ಇರಲಿಲ್ಲವೆಂದರೆ? ನಾನಿದ್ದೆ. ಗೇಟಿನ ಹತ್ತಿರ ತಟ್ಟೆ ಹಿಡಿದಿದ್ದೆ.

"ಅವನು ಏನು ಮಾಡಿದ ಇವಳಿಗೆ?" ಎಂದು ಕೇಳಿದೆ. ನನಗೆ ಬೇಕಿರಲಿಲ್ಲ. ಬಾಯಿಂದ ಬಂತು.

"ಕಾಯಿಲೆ ಅಂತ ಡಾಕ್ಟರ್ ಹೇಳಿದ್ದನ್ನ ಮುಚ್ಚಿಟ್ಟನಂತೆ. ಬೇಸಿಗೆಯೆಲ್ಲ ಇವಳ ಜೊತೆ ಅಡುಗೆಮನೆಗೆ ಬಣ್ಣ ಬಳಿದ. ಹಳದಿ ಬೇಕೋ ಹಸಿರು ಬೇಕೋ ಅಂತ ಜಗಳ ಆಡಿದ. ಚಳಿ ಬರೋ ಮೊದಲು ಹೋದ."

"ಯಾಕೆ ಹೇಳಲಿಲ್ಲವಂತೆ?"

"ಅದು ಗೊತ್ತಿಲ್ಲದ್ದಕ್ಕೇ ಅಲ್ವಾ ಅಕ್ಕಾ ಅಳೋದು."

"ನನ್ನವನು ಕೂಗಿಸಲಿಲ್ಲ" ಎಂದೆ.

"ಏನಂದೆ?"

"ಅವಳಿಗೆ ಹೇಳೋ. ಎಪ್ಪತ್ತಾರನೇ ಇಸವಿ. ನಮ್ಮ ಹುಡುಗಿ ಎವಾಂಥಿಯಾ ಗಂಟಲಮಾರಿ ಬಂದು ಸತ್ತಳು. ಇನ್ನೂ ನಡೆಯೋಕೆ ಬರ್ತಿರಲಿಲ್ಲ. ಅವಳನ್ನು ಹೂತ ಮೂರನೇ ದಿನಕ್ಕೆ ಅವನ ಹಡಗು ಈ ಕೊಲ್ಲಿ ಮುಂದೆ ಹೋಯ್ತು. ನಾನು ಚಾದರ ಹಿಡ್ಕೊಂಡು ಮೇಲೆ ನಿಂತಿದ್ದೆ. ಹಡಗು ಕೂಗಲಿಲ್ಲ. ಹಾಗೇ ಹೋಯ್ತು. ಹೇಳು ಅವಳಿಗೆ."

ಸರಾಂದಿಸ್ ಹೇಳಿದ. ಒಂದೂ ಕುಚೋದ್ಯ ಸೇರಿಸದೆ ಹೇಳಿದ ಎಂದು ಅವನ ಮುಖದಿಂದಲೇ ತಿಳಿಯಿತು. ಮರೂಸೋ ನನ್ನ ಕಡೆ ನೋಡದೆ, "ಕೂಸು ಹೋದ ಸುದ್ದೀನ ಪೋರ್ಟ್ ಸೈದ್ ಬಂದರಿಗೆ ತಂತಿ ಕೊಡಿಸಿದ್ದು ನಾನೇ" ಎಂದಳು. "ಸಿಕ್ಕಿತೋ ಇಲ್ಲವೋ ನನಗೂ ಹೇಳಲಿಲ್ಲ. ಕೇಳಿದರೆ ಎದ್ದು ಹೋಗ್ತಿದ್ದ."

ಪರದೇಶಿ ಹೆಂಗಸು ಏನೋ ಕೇಳಿದಳು.

"ಎಷ್ಟು ಹೊತ್ತು ಹಿಡ್ಕೊಂಡಿದ್ದೆ ಚಾದರ, ಅಂತ ಕೇಳ್ತಾಳೆ."

ಇದನ್ನು ಇಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. "ಹೊಗೆ ಮುಳುಗೋವರೆಗೆ" ಎಂದೆ. ಅವಳು ತಲೆಯಾಡಿಸಿದಳು, ಅಷ್ಟೇ ಹೊತ್ತು ಎಂದು ಮೊದಲೇ ಗೊತ್ತಿದ್ದವಳಂತೆ. ಆಮೇಲೆ ಇನ್ನೊಂದು ಚಮಚ ಬದನೆಕಾಯಿ ಸಿಹಿ ತಾನೇ ಹಾಕಿಕೊಂಡಳು.

ಕೊನೆಯ ದೋಣಿಗೆ ಹೊತ್ತಾಗಿತ್ತು. ಸರಾಂದಿಸ್ ಅವಳನ್ನು ತನ್ನ ಮೂರು ಚಕ್ರದ ಗಾಡಿಯಲ್ಲಿ ಆಲೂಗಡ್ಡೆ ಮೂಟೆಯ ಪಕ್ಕ ಕೂರಿಸಿಕೊಂಡು ಇಳಿಸಿದ. ಮರೂಸೋ ಹಿಂದಿನಿಂದ ಕಿರುಚುತ್ತಲೇ ಇದ್ದಳು. "ಅಂದಳೇನೋ? ಕ್ಷಮಿಸಿದೆ ಅಂದಳೇನೋ?"

"ಯಾರನ್ನ ಅತ್ತಿಗೆ?"

"ಯಾರನ್ನಾದರೂ!"

ಹೊರಡುವಾಗ ಹಡಗು ಮೂರು ಸಲ ಕೂಗಿತು. ನಾನು ಆಗ ಮಹಡಿಯ ಮೇಲಿದ್ದೆ. ಒಗೆದ ಚಾದರ ತೆಗೆಯಲು ಹೋಗಿದ್ದೆ, ಅಷ್ಟೆ. ಅದು ಬೆಳಗ್ಗೆಯೇ ಒಣಗಿತ್ತು. ಗಾಳಿ ಜೋರಿತ್ತು, ಚಾದರ ಹಾರತೊಡಗಿತು, ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕಾಯಿತು. ಹಡಗು ನಾಲ್ಕನೇ ಸಲವೂ ಕೂಗಿತು. ಯಾಕೋ ಗೊತ್ತಿಲ್ಲ. ಮೂರೇ ಎಂದಿದ್ದ ಸರಾಂದಿಸ್.

ತಲೆ ಸಿಡಿಯಲಿಲ್ಲ. ಗಾಳಿ ಇತ್ತಲ್ಲ, ಅದಕ್ಕಿರಬೇಕು.

ಒಟ್ಟಿನಲ್ಲಿ ಇವಳಲ್ಲ. ಹಾಗಾದರೆ ಯಾರು?

ಜೂನ್ ೮, ಭಾನುವಾರ

ಈಸ್ಟರ್‌ನಿಂದ ಇಲ್ಲಿಯವರೆಗೆ ಸತ್ತವರು ಮನಬಂದಂತೆ ನಮ್ಮ ನಡುವೆ ಓಡಾಡುತ್ತಾರೆ. ಇವತ್ತು ವಾಪಸ್ ಹೋಗಬೇಕು. ಚರ್ಚಿನ ನೆಲಕ್ಕೆ ಆಕ್ರೋಡು ಎಲೆ ಹಾಸಿ ನಾವು ಮಂಡಿಯೂರುತ್ತೇವೆ. ಹೋಗುವವರು ಕಣ್ಣಿಗೆ ಬೀಳದಿರಲಿ ಎಂದು ಕಣ್ಣು ಮುಚ್ಚಿಕೊಳ್ಳುತ್ತೇವೆ. ನಾನು ನಡುವೆ ಕಣ್ಣು ತೆರೆದೆ. ಮರೂಸೋಳ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ.

ಮನೆಗೆ ಬಂದರೆ ತಟ್ಟೆಯಲ್ಲಿ ಒಂದು ಹಿಡಿ ಕೋಲಿವ ಉಳಿದಿತ್ತು. ಎಸೆಯುವ ಹಾಗಿಲ್ಲ, ಪಾಪ. ತಿಂದೆ. ತಿಂದ ಮೇಲೆ ಹೇಳಬೇಕಾದ ಮಾತನ್ನು ಹೇಳಿದೆ. ಹೇಳಲೇಬೇಕಲ್ಲ, ಪದ್ಧತಿ. ದಾಳಿಂಬೆ ಕಾಳು ಇನ್ನೂ ಹಲ್ಲಿನಲ್ಲಿದೆ.

ಜೂನ್ ೯

ಪಾದ್ರಿ ತಾವೇ ಮನೆಗೆ ಬಂದರು, ಹೆಗಲ ಮೇಲೆ ಕೂಸು.

"ಎರಡು ದಿನದಿಂದ ಬಾಗಿಲು ಬಡೀಲಿಲ್ಲವಲ್ಲ ಅಮ್ಮ, ಹುಷಾರಿದೀರಾ?"

"ಇದೀನಿ ಸ್ವಾಮಿ. ಯಾವಾಗ ತೆಗೀತೀರಿ ಅವನನ್ನ?"

"ವರ್ಷವಾದರೂ ಬೇಕು. ಮುಂದಿನ ಮೇ ಒಂಬತ್ತು, ಶನಿವಾರ. ಆಗಬಹುದಾ? ಯಾರು ಅಂತ ಗೊತ್ತಾಯ್ತಾ?"

"ಇಲ್ಲ. ಹುಡುಕೋದು ಬಿಟ್ಟೆ. ಮಂಡಿ ನೋವು."

ಮರೂಸೋಗೆ ಹೇಳಿದೆ, ಮುಂದಿನ ಮೇವರೆಗೆ ಸಾಯುವ ಹಾಗಿಲ್ಲ ಎಂದು. "ನೋಡ್ತೀನಿ, ಮಾತು ಕೊಡಲ್ಲ" ಎಂದಳು.

ವೈನ್ ಬಾಟಲಿಯನ್ನು ಒರೆಸಿ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ.

ಥ್ರಾಸೋಸ್, ಪಾದ್ರಿ ಓದುವುದಿಲ್ಲ ಎಂದಿದ್ದಾರೆ, ಇನ್ನು ಉಳಿದವನು ನೀನೊಬ್ಬ. ಕೋಪದಿಂದ ಕೇಳುತ್ತಿಲ್ಲ. ಪೋರ್ಟ್ ಸೈದ್‌ನಲ್ಲಿ ಆ ತಂತಿ ನಿನ್ನ ಕೈಗೆ ಸಿಕ್ಕಿತ್ತೋ ಇಲ್ಲವೋ? ಸಿಕ್ಕಿದ್ದಕ್ಕೆ ಕೂಗಿಸಲಿಲ್ಲವೋ, ನಿದ್ದೆ ಮಾಡುತ್ತಿದ್ದೆಯೋ? ಎರಡರಲ್ಲಿ ಯಾವುದಾದರೂ ನನಗೆ ಈಗ ಪರವಾಗಿಲ್ಲ. ಬಾಯಲ್ಲಿ ಹೇಳುವುದು ನಿನಗೆ ಬದುಕಿದ್ದಾಗಲೂ ಬರಲಿಲ್ಲ, ಮಾತು ಬೇಡ. ಬಿಳಿ ಮೂಳೆಯಾಗಿ ಬಾ, ತೊಳೆಯುತ್ತೇನೆ.

ಮೇ ಒಂಬತ್ತು, ಶನಿವಾರ ಬೆಳಗ್ಗೆ ಹಲಗೆ ಎತ್ತುತ್ತಾರೆ. ಅಷ್ಟರೊಳಗೆ ಉತ್ತರ ಬೇಕು.